ಎರಡು ಹಾಸಿಗೆಯ ಕೋಣೆ

ಮಕ್ತಲ್ ದಾಟಿದ ಮೇಲೆ ಕಂಡಕ್ಟರ್ ತನ್ನ ಸಾಲಿಗೆ ಬಂದು ಹೋಗುವವರೆಗೆ ಶಿವಗಂಗಾಳಿಗೆ ಬೇರೆ ಏನನ್ನೂ ಯೋಚಿಸಲಾಗಲಿಲ್ಲ. ಬಸ್ಸಿನ ತುಂಬ ಹೆಂಗಸರೇ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಂದಿನಿಂದ ಗದ್ವಾಲದ ದಾರಿಯಲ್ಲಿ ಗಂಡಸರು ನಿಂತೇ ಹೋಗುತ್ತಾರೆ. ಎಲ್ಲರೂ ಆಧಾರ್ ಕಾರ್ಡನ್ನು ಅರಿಷಿಣ ಕುಂಕುಮದ ಬಟ್ಟಲಿನಂತೆ ಅಂಗೈಯಲ್ಲಿ ಹಿಡಿದು ಕೂತಿದ್ದರು. ಅವಳ ಮುಷ್ಟಿಯಲ್ಲಿ ಮಾತ್ರ ನೋಟು. ಅವಳ ಕಾರ್ಡಿನಲ್ಲಿ ಇನ್ನೂ ರಾಯಚೂರಿನ ವಿಳಾಸವಿತ್ತು, ಪರಮೇಶನ ಹೆಂಡತಿ ಎಂಬ ಸಾಲಿತ್ತು. ನದಿಯಾಚೆಯ ಊರು, ಬೇರೆ ರಾಜ್ಯ, ಪುಕ್ಕಟೆ ಇಲ್ಲ. ಬದಲಿಸಬಹುದಿತ್ತು. ನಾರಾಯಣಪೇಟೆಯಲ್ಲಿ ಕಾರ್ಡು ತಿದ್ದುವ ಅಂಗಡಿಯವರೆಗೆ ಎರಡು ಸಲ ಹೋಗಿಯೂ ಇದ್ದಳು. ಅಲ್ಲಿ ಕೂತ ಹುಡುಗಿ ತಲೆಯೆತ್ತದೆ, ಯಾರ ಕೇರಾಫ್ ಅಂತ ಬರೀಲಿ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಕೇಳಿ ಬರ್ತೀನಿ ಎಂದು ಎದ್ದು ಬಂದಿದ್ದಳು. ಮನೆಯಲ್ಲಿ ಕೇಳಲಿಲ್ಲ. ಕೇಳುವುದಾದರೂ ಏನಂತ? ನಲವತ್ತರ ಹತ್ತಿರ ಬಂದವಳು ತಮ್ಮನ ಮುಂದೆ ನಿಂತು, ನಾನು ಯಾರ ಕಡೆಯವಳು ಎಂದೇ? ಕಂಡಕ್ಟರ್ ನೋಟು ನೋಡಿ ಹುಬ್ಬೇರಿಸಿದ. ಕಾರ್ಡು ಮರೆತಿರೇನಮ್ಮಾ ಎಂದು ತೆಲುಗಿನಲ್ಲಿ ಮರುಗಿದ. ಹೌದೆಂದು ತಲೆಯಾಡಿಸಿದಳು. ಪಕ್ಕದ ಮುದುಕಿ, ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವ ಈ ಪುಣ್ಯಾತ್ಮಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಆ ನೋಟ ತನ್ನ ತೊಡೆಯ ಮೇಲಿನ ಬಟ್ಟೆಯ ಚೀಲದ ಮೇಲೆ ನಿಂತಾಗ ಶಿವಗಂಗಾ ಅದನ್ನು ಸೆರಗಿನಿಂದ ಮುಚ್ಚಿದಳು. ಒಳಗೆ ಚೆಕ್ ಬುಕ್ಕಿತ್ತು. ಹದಿನೆಂಟು ರೂಪಾಯಿ ಚಿಲ್ಲರೆಗೆ ಕೈ ಚಾಚಿದ ಈ ಹೆಂಗಸು ಇವತ್ತು ಸಂಜೆ ಐದರೊಳಗೆ ಒಂದು ಹಡಗಿನ ಕೋಣೆ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ ಹೊರಟಿದ್ದಾಳೆ ಎಂದು ಹೇಳಿದರೆ ಮುದುಕಿ ಬಸ್ಸು ನಿಲ್ಲಿಸಿ ಇಳಿದುಬಿಡುತ್ತಿತ್ತೇನೋ.

ಹಡಗಿನ ಮಾತು ತೆಗೆದವಳು ಅವಳೇ. ಒಂದು ಮಧ್ಯಾಹ್ನ ತಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವಳ ಕೆಲಸವೇ ಅದು. ಮಗ್ಗದಿಂದ ಬಂದ ಪ್ರತಿಯೊಂದು ಸೀರೆಯನ್ನೂ ಬಿಚ್ಚಿ, ಕಿಟಕಿಗೆ ಒಡ್ಡಿ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಅಂಚು ಜಗ್ಗಿದೆ ಎಂದು ಹುಡುಕಿ ಸುಣ್ಣದ ಬೊಟ್ಟಿಟ್ಟು ಮತ್ತೆ ಮಡಿಕೆ ಹಾಕುವುದು. ಹತ್ತು ವರ್ಷದಿಂದ ನೋಡೀ ನೋಡೀ ಅವಳ ಕಣ್ಣಿಗೆ ಇದ್ದದ್ದು ಕಾಣುವುದಕ್ಕಿಂತ ಇಲ್ಲದ್ದು ಮೊದಲು ಕಾಣುತ್ತಿತ್ತು. ಸಂಬಳದ ಮಾತು ಯಾರೂ ಎತ್ತಿರಲಿಲ್ಲ. ಮನಿಯಾಕಿಗೆ ಸಂಬಳ ಕೊಟ್ರ ಆಕಿ ಮನಿಯಾಕಿ ಹ್ಯಾಂಗಾದಳು ಎಂದು ತಮ್ಮ ಗುರುಪ್ರಸಾದ ಒಮ್ಮೆ ಗಿರಾಕಿಯೊಬ್ಬರ ಮುಂದೆ ನಕ್ಕಿದ್ದ, ಅವಳೂ ನಕ್ಕಿದ್ದಳು. ಅಂಥ ಮಧ್ಯಾಹ್ನ, ಮೊಬೈಲಿನಲ್ಲಿ ತಾನಾಗಿಯೇ ತೆರೆದುಕೊಂಡ ಒಂದು ಜಾಹೀರಾತು. ಬಿಳಿ ಹಡಗು, ಅದರ ಮೇಲೊಂದು ಕುಟುಂಬ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಬೆಳ್ಳನೆಯ ಅಜ್ಜಿ, ಮತ್ತು ಅಂಚಿನಲ್ಲಿ ಯಾರೋ ಒಬ್ಬಳು. ಯಾರವಳು? ಹೆಂಡತಿಯ ತಂಗಿಯೋ, ಗಂಡನ ಅಕ್ಕನೋ? ಜಾಹೀರಾತು ಹೇಳುವುದಿಲ್ಲ. ಆದರೆ ಅವಳೂ ನಗುತ್ತಿದ್ದಳು, ಅವಳ ಕೂದಲೂ ಅದೇ ಗಾಳಿಗೆ ಹಾರುತ್ತಿತ್ತು. ಶಿವಗಂಗಾ ಆ ಚಿತ್ರವನ್ನು ಸೀರೆಯ ಹಾಗೆ ಕಿಟಕಿಗೆ ಹಿಡಿದು ನೋಡಿದಳು. ಎಳೆ ತಪ್ಪಿದ್ದು ಕಾಣಲಿಲ್ಲ.

ಅವಳ ಹತ್ತಿರ ದುಡ್ಡಿತ್ತು. ಯಾರೂ ಮುಟ್ಟದ ದುಡ್ಡು. ರಾಯಚೂರಿನ ಕೋರ್ಟಿನಲ್ಲಿ ಒಂಬತ್ತು ವರ್ಷ ತೆವಳಿದ ಮೇಲೆ ಪರಮೇಶನ ಕಡೆಯವರು ಒಂದೇ ಗಂಟಿನಲ್ಲಿ ಕಟ್ಟಿ ಕೈತೊಳೆದುಕೊಂಡದ್ದು. ವಿಚ್ಛೇದನದ ಆ ದುಡ್ಡಿಗೆ ಮನೆಯಲ್ಲಿ ಸೋಡಚೀಟಿ ರೊಕ್ಕ ಎಂದು ಹೆಸರು. ಬ್ಯಾಂಕಿನಿಂದ ಮೆಸೇಜು ಬಂದ ದಿನ ಅವ್ವ ಗುರಮ್ಮ ವಿಭೂತಿ ಹಚ್ಚಿಕೊಳ್ಳುತ್ತಿದ್ದವಳು ಬೆರಳು ಹಣೆಯ ಮೇಲೇ ನಿಲ್ಲಿಸಿ, ಆ ರೊಕ್ಕ ಹೊಸ್ತಿಲ ದಾಟಿ ಒಳಗ ಬರಬಾರದು ಎಂದಿದ್ದಳು. ಅದು ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಬಿಟ್ಟುಹೋದ ಸಂಬಂಧದಿಂದ ಬಂದದ್ದನ್ನು ಹೊಲಕ್ಕೆ ಹಾಕಬಾರದು, ಬಂಗಾರ ಮಾಡಬಾರದು, ಮನೆಗೆ ಇಟ್ಟಿಗೆ ಕೊಳ್ಳಬಾರದು. ಹರಿಯುವ ನೀರಿಗೆ ಬಿಡಬೇಕು. ಒಡೆದ ಬಳೆ, ಮುಕ್ಕಾದ ದೇವರ ಪಟ ಎಲ್ಲವೂ ಆ ಮನೆಯಿಂದ ಕೃಷ್ಣೆಗೇ ಹೋಗುತ್ತಿದ್ದವು. ಬಳೆಯನ್ನೇನೋ ಬಿಡಬಹುದು. ಬ್ಯಾಂಕಿನ ಪುಸ್ತಕದಲ್ಲಿ ಅಂಕಿಯಾಗಿ ಕೂತದ್ದನ್ನು ಯಾವ ನೀರಿಗೆ ಬಿಡುವುದು? ಹಡಗಿನ ಚಿತ್ರ ನೋಡಿದ ಮಧ್ಯಾಹ್ನ ಅವಳಿಗೆ ಉತ್ತರ ಹೊಳೆದಂತಾಗಿ ಎದೆ ಹಗುರಾಯಿತು. ನೀರಿನ ಮೇಲೆಯೇ ಖರ್ಚಾಗಲಿ. ಎಲ್ಲರೂ ಕೂಡಿ ಹೋಗೋಣ, ನನ್ನ ಖರ್ಚಿನಲ್ಲಿ, ಅದೂ ದೊಡ್ಡ ದರ್ಜೆಯಲ್ಲಿ, ಕೋಣೆಗೆ ಬಾಲ್ಕನಿ ಇರುವಂಥದ್ದರಲ್ಲಿ. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ತಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮಕ್ಕಳಿಬ್ಬರೂ ಹಡಗಿನಲ್ಲಿ ಈಜುಕೊಳ ಇರುತ್ತದೆಯೇ ಎಂದು ಕಿರುಚಿದರು. ತಮ್ಮನ ಹೆಂಡತಿ ಬಸವೇಶ್ವರಿ ಮಾತ್ರ, ಐದು ದಿವಸಕ್ಕ ಅಷ್ಟು ರೊಕ್ಕ ಸುರುವಿದ್ರ ಮ್ಯಾಲೆ ಬಂದು ಏನು ಉಳೀತೈತಿ ಎಂದು ಸಾರಿನ ಸೌಟಿಗೆ ಹೇಳಿದಳು. ಏನು ಉಳಿಯುತ್ತದೆ ಎಂಬುದು ಶಿವಗಂಗಾಳಿಗೆ ಗೊತ್ತಿತ್ತು. ಒಂದು ಪಟ್ಟಿ ಉಳಿಯುತ್ತದೆ. ಅದರಲ್ಲಿ ಆರು ಹೆಸರಿರುತ್ತವೆ. ಆರರಲ್ಲಿ ತನ್ನದೂ ಒಂದಿರುತ್ತದೆ.

ಹತ್ತು ವರ್ಷದ ಹಿಂದೆ ಅಂಥ ಪಟ್ಟಿ ಒಂದು ಸಲ ಬರೆದಾಗ ಅವಳು ಎದುರು ಮನೆಯ ನೇಕಾರ ಕುರುಮಯ್ಯನ ಮಗ್ಗದ ಕುಣಿಯ ಪಕ್ಕದಲ್ಲಿ ಕೂತಿದ್ದಳು. ಹೊಸ ರಾಜ್ಯ ಹುಟ್ಟಿ ಎರಡೂವರೆ ತಿಂಗಳು. ಅವಳು ರಾಯಚೂರಿನಿಂದ ಎರಡು ಸೂಟ್‌ಕೇಸ್ ಹಿಡಿದು ಬಂದೂ ಅಷ್ಟೇ ದಿನ. ಒಂದೇ ದಿನದಲ್ಲಿ ರಾಜ್ಯದ ಎಲ್ಲ ಮನೆಗಳನ್ನೂ ಎಣಿಸುತ್ತಾರೆ, ಎಲ್ಲರೂ ಅವರವರ ಮನೆಯಲ್ಲೇ ಇರಬೇಕು ಎಂದು ಡಂಗುರ ಸಾರಿದ್ದರು. ಹಿಂದಿನ ದಿನ ಬಸ್ಸುಗಳ ಮೇಲೂ ಜನ. ಮುಂಬೈಗೆ ಕೂಲಿಗೆ ಹೋದವರು, ಪುಣೆಗೆ ಹೋದವರು, ಎಲ್ಲರೂ ತಮ್ಮ ಲೆಕ್ಕ ತಪ್ಪಬಾರದೆಂದು ಓಡಿ ಬಂದಿದ್ದರು. ಅಂಗಡಿ ಬಾಗಿಲು ಮುಚ್ಚಿ, ಬೀದಿ ಖಾಲಿಯಾಗಿ, ಊರಿಗೆ ಊರೇ ಮನೆಯೊಳಗೆ ಕೂತು ಬಾಗಿಲ ಕಡೆ ನೋಡುತ್ತಿತ್ತು. ಶಿವಗಂಗಾ ತಲೆಗೆ ಎರೆದುಕೊಂಡು ಒಳ್ಳೆಯ ಸೀರೆ ಉಟ್ಟಿದ್ದಳು, ಯಾಕೆಂದು ಅವಳಿಗೇ ತಿಳಿಯದು. ಎಣಿಸುವವರು ಮೂರು ಮನೆ ಆಚೆ ಇದ್ದಾಗ ಅವ್ವ ಅವಳ ಕೈಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟು, ಕುರುಮಯ್ಯಗ ಕೊಟ್ಟು ಬಾ, ಅವರು ಹೋದಮ್ಯಾಲೆ ಬಾ ಎಂದಳು. ಕೊಟ್ಟ ಮಗಳ ಹೆಸರು ತವರಿನ ಪಟ್ಟಿಯಲ್ಲಿ ಬರೆಸಬಾರದು. ಬರೆಸಿದರೆ ಅಲ್ಲಿಯದು ಅಳಿಸಿದಂತೆ. ಕುರುಮಯ್ಯನೂ ಅವತ್ತು ಮಗ್ಗ ನಿಲ್ಲಿಸಿ ಕಟ್ಟೆಯ ಮೇಲೆ ಕೂತಿದ್ದ. ಹಾಸಿನ ಎಳೆಗಳ ನಡುವಿನಿಂದ ಅವಳಿಗೆ ತನ್ನ ಮನೆಯ ಬಾಗಿಲು ಸೀಳು ಸೀಳಾಗಿ ಕಾಣುತ್ತಿತ್ತು. ಎಣಿಸುವ ಮೇಷ್ಟ್ರು ಏನೋ ಕೇಳಿದ. ಅವ್ವ ಕೈಯೆತ್ತಿ ಬೆರಳು ತೋರಿಸಿದಳು. ನಾಲ್ಕು. ತಮ್ಮನ ಕಿರಿಯದು ಇನ್ನೂ ಹುಟ್ಟಿರಲಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿ ಮೇಷ್ಟ್ರು ಮುಂದಕ್ಕೆ ಹೋದ. ರಾಯಚೂರಿನವರ ರೇಷನ್ ಪಟ್ಟಿಯಲ್ಲಿ ಅವಳನ್ನು ಆಗಲೇ ಬಿಟ್ಟಾಗಿತ್ತು. ಹೀಗೆ ಅವತ್ತು ಅವಳು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ, ಮಜ್ಜಿಗೆಯ ತಂಬಿಗೆ ಹಿಡಿದು ಮಗ್ಗದ ಪಕ್ಕದಲ್ಲಿ ಕೂತಿದ್ದಳು.

ಉರುಕುಂದಮ್ಮ ಅಜ್ಜಿ ಇದ್ದಿದ್ದರೆ ಕೈಗೆ ತಂಬಿಗೆ ಕೊಡುತ್ತಿರಲಿಲ್ಲ. ಅಜ್ಜಿಯ ಕತೆಯೊಂದರಲ್ಲಿ ಒಬ್ಬ ಸೆಟ್ಟಿ ಇದ್ದ, ಅವನಿಗೊಂದು ಹಡಗಿತ್ತು. ಮೆಣಸು ಏರಿತು, ರೇಷ್ಮೆ ಏರಿತು, ಕುದುರೆ ಏರಿದವು, ಏಳು ಮಂದಿ ಮಕ್ಕಳು ಏರಿದರು, ಆರು ಮಂದಿ ಸೊಸೆಯರು ಏರಿದರು. ಹಗ್ಗ ಬಿಚ್ಚಿದರೆ ಹಡಗು ಅಲ್ಲಾಡವಲ್ಲದು. ಗಾಳಿ ಐತಿ, ನೀರೈತಿ, ಹಡಗ ಮಾತ್ರ ಗುಡಿ ಮುಂದಿನ ಕಲ್ಲಾನಿ ಆಗೇತಿ ಎಂದು ಅಜ್ಜಿ ಕಣ್ಣು ಅರಳಿಸುತ್ತಿದ್ದಳು. ಮೂರು ದಿನ ಆಯಿತು. ಕಡೆಗೆ ಯಾರೋ ಹೇಳಿದರು, ಒಂದು ಹೆಸರು ಕರೆದಿಲ್ಲ. ಯಾರದು? ಎಲ್ಲರಿಗೂ ಬುತ್ತಿ ಕಟ್ಟುತ್ತ ಒಲೆಯ ಮುಂದೆ ಉಳಿದ ಕಿರಿಸೊಸೆಯದು. ಸೆಟ್ಟಿ ದಂಡೆಗೆ ಇಳಿದು ಹೆಸರು ಹಿಡಿದು ಕರೆದ. ಬಂದೆ ಎಂದಳು. ಅವಳ ಕಾಲು ಹಲಗೆಗೆ ತಾಗಿದ್ದೇ ತಡ, ಹಡಗು ಕದಲಿತು. ಅಜ್ಜಿ ಜನ್ಮದಲ್ಲಿ ಸಮುದ್ರ ಕಂಡವಳಲ್ಲ. ಮಳೆಗಾಲದಲ್ಲಿ ಆಚೆ ದಂಡೆ ಕಾಣದಂತೆ ಹರಿಯುವ ಕೃಷ್ಣೆಯೇ ಅವಳ ಏಳು ಸಮುದ್ರ. ಆ ಕತೆಯನ್ನು ಶಿವಗಂಗಾ ಬಹಳ ದಿನ ನಂಬಿದ್ದಳು. ಚೀಟಿ ಅಂಟಿಸಿದ ಮರುದಿನ ಬೆಳಿಗ್ಗೆ ಹಾಲಿನವನು ಬಂದ, ಪೇಪರ್ ಬಂತು, ಮಹಬೂಬನಗರದ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಅವಳೊಬ್ಬಳ ಹೆಸರು ಬಿಟ್ಟದ್ದಕ್ಕೆ ಯಾವುದೂ ನಿಲ್ಲಲಿಲ್ಲ.

ಬಸ್ಸು ಜೂರಾಲದ ಅಣೆಕಟ್ಟಿನ ಮೇಲೆ ಬಂದಾಗ ಹೆಂಗಸರೆಲ್ಲ ನೀರು ನೋಡಲು ಒಂದೇ ಕಡೆಗೆ ಕತ್ತು ಹೊರಳಿಸಿದರು. ಕೆಲವರು ಕೈ ಮುಗಿದರು. ಮುದುಕಿ ಒಂದು ರೂಪಾಯಿಯನ್ನು ಹಣೆಗೊತ್ತಿ ಅವಳ ಮೇಲಿಂದ ಕೈ ಚಾಚಿ ಕಿಟಕಿಯಾಚೆ ಎಸೆಯಿತು. ನಾಣ್ಯ ನೀರು ಮುಟ್ಟಿತೋ ಕಂಬಿಗೆ ಬಡಿಯಿತೋ ಕಾಣಲಿಲ್ಲ. ನೀರಿಗೆ ಬಿಟ್ಟಿದ್ದನ್ನ ತಿರುಗಿ ನೋಡಬಾರದವ್ವ ಎಂದು ಮುದುಕಿ ಕನ್ನಡದಲ್ಲೇ ಗದರಿತು.

ಗದ್ವಾಲದ ಕೋಟೆಯ ಹತ್ತಿರ ಸುಶಮೀಂದ್ರನ ಆಫೀಸು. ಸುಶಮೀಂದ್ರ ಪೂಜಾರಿಕೆಯ ಮನೆತನದವನು. ಮಂತ್ರಾಲಯ, ಕಾಶಿ, ಬದರಿಗೆ ಜನರನ್ನು ಕಳಿಸುತ್ತಿದ್ದವನು ಈಚೆಗೆ ಸಮುದ್ರಕ್ಕೂ ಕಳಿಸತೊಡಗಿದ್ದ. ಗೋಡೆಯ ಮೇಲೆ ರಾಯರ ಬೃಂದಾವನದ ಪಟ, ಅದರ ಕೆಳಗೆ ಅದೇ ಬಿಳಿ ಹಡಗು. ಅವಳು ಎರಡನ್ನೂ ನೋಡುವುದನ್ನು ಕಂಡು ಅವನು ನಕ್ಕ. ಸಮುದ್ರ ದಾಟಿದವರಿಗೆ ನಮ್ಮಜ್ಜ ಪಂಕ್ತಿಯೊಳಗ ಎಲಿ ಹಾಕಸ್ತಿರಲಿಲ್ಲ, ನಾನು ಟಿಕೀಟ ಮಾರಲಿಕ್ಕೆ ಹತ್ತೀನಿ, ಅಜ್ಜ ಈ ಗ್ವಾಡಿಯೊಳಗಿಂದ ಬಂದು ಒಂದಿನ ಕಪಾಳಕ್ಕ ಕೊಡತಾನ ಎಂದ. ಅವನ ಮುಂದಿನ ಕಂಪ್ಯೂಟರಿನಲ್ಲಿ ಎರಡು ಕೋಣೆ ಐದು ಗಂಟೆಯವರೆಗೆ ಕಾದಿರಿಸಿಟ್ಟಿತ್ತು. ಒಂದು ತಮ್ಮನ ನಾಲ್ವರಿಗೆ. ಇನ್ನೊಂದು ಅವಳಿಗೂ ಅವ್ವನಿಗೂ. ಬಾಲ್ಕನಿಯ ಕೋಣೆಗೂ ಕಿಟಕಿಯಿಲ್ಲದ ಕೋಣೆಗೂ ಬೆಲೆಯಲ್ಲಿ ಎಷ್ಟು ಅಂತರ, ಅದು ತಕ್ಕುದೇ ಎಂದು ಅವನೇ ತೂಗಿ ಹೇಳಿದ. ಕಿಟಕಿಯಿಲ್ಲದ್ದರಲ್ಲಿ ಊಟ ಅದೇ, ಆಟ ಅದೇ, ಹಡಗೂ ಅದೇ. ಆದರೆ ಬೆಳಗಾಗಿದ್ದು ಗಡಿಯಾರ ನೋಡಿ ತಿಳಕೋಬೇಕು. ಶಿವಗಂಗಾಳಿಗೆ ಅಂಗಡಿಯ ಹಿಂದಿನ ಕೋಣೆಯ ಒಂದೇ ಕಿಟಕಿ ನೆನಪಾಯಿತು. ಬಾಲ್ಕನಿಯೇ ಇರಲಿ ಎಂದಳು. ಚೀಲದಿಂದ ಚೆಕ್ ಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ಆಗ ತಮ್ಮನ ಫೋನು ಬಂತು.

"ಅಕ್ಕಾ, ಬೈಬ್ಯಾಡ," ಎಂದ ಗುರುಪ್ರಸಾದ. ಅಷ್ಟರಲ್ಲೇ ಅವಳಿಗೆ ತಿಳಿಯಿತು. ಆದರೂ ಅವನು ಹೇಳುವುದನ್ನೆಲ್ಲ ಕೇಳಿದಳು. ಬಸವೇಶ್ವರಿ ಒಲ್ಲೆ ಅನ್ನುತ್ತಾಳಂತೆ. ಸೋಡಚೀಟಿ ರೊಕ್ಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಡುನೀರಿಗೆ ಹೋಗುವುದು ಶೋಭೆಯಲ್ಲ ಅನ್ನುತ್ತಾಳಂತೆ. ಮಕ್ಕಳಿಗೆ ಆಮೇಲೆ ಹೇಳಿದರಾಯಿತಂತೆ. ಆಮೇಲೆ ದನಿ ತಗ್ಗಿಸಿದ. "ಅದಲ್ಲದ, ಐದು ದಿನಕ್ಕ ಅಷ್ಟು ಸುಡೋ ಬದಲಿ ಅಂಗಡ್ಯಾಗ ಹಾಕಿದ್ರ ಹ್ಯಾಂಗ ಅಂತ. ನಿನ್ನ ಹೆಸರಿಲೇ ಇರ್ತೈತಿ. ನೀ ಏನ ಹೊರಗಿನಾಕಿ ಏನು?" ಮಕ್ಕಳನ್ನು ಮುಳುಗಿಸುವ ರೊಕ್ಕ ಅಂಗಡಿಯನ್ನು ಹೇಗೆ ತೇಲಿಸುತ್ತದೆ ಎಂದು ಅವಳು ಕೇಳಲಿಲ್ಲ. ತಮ್ಮ ಕೆಟ್ಟವನಲ್ಲ. ಚಿಕ್ಕವನಿದ್ದಾಗ ಅವಳ ಪರಕಾರದ ನೆರಿಗೆ ಹಿಡಿದೇ ಶಾಲೆಗೆ ಹೋಗುತ್ತಿದ್ದವನು. ಈಗಲೂ ಅವನ ದನಿಯಲ್ಲಿ ಆ ಹಿಡಿತವಿತ್ತು. ಅದೇ ತಡೆಯಲಾಗದ್ದು. ಆಗಲಿ ಎಂದು ಫೋನಿಟ್ಟಳು. ಏನು ಆಗಲಿ ಎಂದು ಅವನೂ ಕೇಳಲಿಲ್ಲ. ಜಾಹೀರಾತಿನಿಂದ ಗಂಡ ಎದ್ದುಹೋದ, ಹೆಂಡತಿ ಹೋದಳು, ಮಕ್ಕಳು ಹೋದರು. ಅಂಚಿನಲ್ಲಿ ನಿಂತವಳ ಕೂದಲು ಮಾತ್ರ ಹಾರುತ್ತಿತ್ತು.

ಸುಶಮೀಂದ್ರ ಮೇಜಿನ ಮೇಲಿನ ಪೆನ್ನು ಸರಿಪಡಿಸುತ್ತಿದ್ದ. ಕೇಳಿಸಿಕೊಂಡಿದ್ದ, ಕೇಳಿಸಿಕೊಳ್ಳದವನಂತೆ ಕೂತಿದ್ದ. ದೊಡ್ಡ ಕೋಣೆ ತೆಗೆದುಬಿಡ್ರಿ, ಚಿಕ್ಕದು ಇರಲಿ ಎಂದು ಅವಳು ಹೇಳಿದಾಗ, ಅವ್ವಾರು ಬರೋದು ಗಟ್ಟಿ ಏನ್ರಿ ಎಂದು ಮೆಲ್ಲಗೆ ಕೇಳಿದ. ಯಾಕೆಂದರೆ ಹಡಗಿನವರು ಕೋಣೆಯನ್ನು ಇಬ್ಬರಿಗೆಂದೇ ಹಾಕಿರುತ್ತಾರೆ. ಒಬ್ಬರೇ ಹೋದರೂ ಇಬ್ಬರ ದುಡ್ಡು ಕಟ್ಟಬೇಕು. ಒಂಟಿಗರಿಗೆ ಅದೊಂದು ದಂಡ ಇದ್ದಂಗ ನೋಡ್ರಿ ಅಕ್ಕಾರ, ಕಂಪನಿ ರೂಲು, ನಮ್ಮದಲ್ಲ ಎಂದ. ದಂಡ ಎಂಬ ಮಾತಿಗೆ ಅವಳಿಗೆ ನಗು ಬಂತು. ಪುಕ್ಕಟೆ ಬಸ್ಸಿನಲ್ಲಿ ಟಿಕೆಟ್ಟು, ಹಡಗಿನಲ್ಲಿ ಎರಡು ಟಿಕೆಟ್ಟು. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಹೊರಗೆ ಹೋಗಿ, ಮುಚ್ಚಿದ ಸೀರೆ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು, ಅವ್ವನಿಗೆ ಫೋನು ಮಾಡಿದಳು.

"ಉಂಡೀ?" ಎಂದಳು ಗುರಮ್ಮ.

"ಇಲ್ಲ. ಗುರು ಫೋನ್ ಮಾಡಿದ್ದ."

"ಗೊತ್ತೈತಿ. ನನ್ನ ಬಾಜೂಕ ಕುಂತೇ ಮಾಡಿದ."

"ನೀ ಬಾರಬೇ. ಇಬ್ಬರೇ ಹೋಗೂಣು. ನಾ ಒಬ್ಬಾಕಿ ಹೋದರೂ ಇಬ್ಬರ ರೊಕ್ಕ ತಗೋತಾರ. ಒಂದು ಹಾಸಿಗಿ ಖಾಲಿ ಬೀಳ್ತೈತಿ."

ಆಚೆ ಕುಕ್ಕರು ಒಮ್ಮೆ ಕೂಗಿತು. ಅವ್ವ ಅದು ನಿಲ್ಲುವವರೆಗೆ ಕಾದಳು. "ನಾ ಬರಾಂಗಿಲ್ಲ, ಗಂಗಾ. ಮೊಣಕಾಲ ಅಂತ ನಿನ್ನೆ ಹೇಳಿದೆ. ಮೊಣಕಾಲಲ್ಲ. ಆ ರೊಕ್ಕ ಉಣ್ಣಾಕ ನನ್ನ ಕೈ ಏಳಂಗಿಲ್ಲ."

ಬಿಸಿಲು ಮೆಟ್ಟಿಲಿನ ಅರ್ಧಕ್ಕೆ ಬಂದಿತ್ತು. ಎದುರಿನ ಅಂಗಡಿಯಲ್ಲಿ ಒಬ್ಬ ಗದ್ವಾಲದ ಸೀರೆಯೊಂದನ್ನು ಗಿರಾಕಿಯ ಮುಂದೆ ಬಿಚ್ಚಿ ಎಸೆಯುತ್ತಿದ್ದ. ನೂಲಿನ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿದ ಜಾಗ ಅವಳಿಗೆ ಅಷ್ಟು ದೂರದಿಂದಲೂ ಕಂಡಿತು. ಹತ್ತು ವರ್ಷ ಒಂದೇ ಮನೆಯಲ್ಲಿ ಕೂತು ಕೇಳದ್ದನ್ನು ಅವಳು ಬೇರೆ ಊರಿನ ಬೀದಿಯಲ್ಲಿ ನಿಂತು ಕೇಳಿದಳು.

"ಅವತ್ತು ನನ್ನ ಹೆಸರ ಯಾಕ ಬರಸಲಿಲ್ಲ?"

ಯಾವತ್ತು ಎಂದು ಅವ್ವ ಕೇಳಲಿಲ್ಲ. "ಬರಸಿದ್ರ ನೀ ಬಂದುಬಿಟ್ಟಿ ಅಂತ ಆಗ್ತಿತ್ತು."

"ಬಂದೇ ಬಿಟ್ಟಿದ್ನಲ್ಲ."

"ನಿನಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ, ತಾಯಿ. ಇವತ್ತ ತಿರುಗಿ ಹೋಗ್ತಾಳ, ನಾಳೆ ಹೋಗ್ತಾಳ ಅಂತಿದ್ದೆ. ಬೆರಳ ಎಣಸುವಾಗ ಐದನೇದು ಏಳಲೇ ಇಲ್ಲ." ಆಮೇಲೆ ಅವ್ವ ಯಾವಾಗಲೂ ಮನೆಗೆಲಸ ಹಚ್ಚುವ ದನಿಯಲ್ಲಿ, "ಖಾಲಿ ಹಾಸಿಗಿ ಖಾಲಿ ಯಾಕ ಬಿಡ್ತಿ? ರೊಕ್ಕ ಕೊಟ್ಟೀಯಲ್ಲ. ಒಂದಿನ ಅದರ ಮ್ಯಾಲೆ ಮಲಗು, ಒಂದಿನ ಇದರ ಮ್ಯಾಲೆ," ಎಂದು ಫೋನಿಟ್ಟಳು.

ಅವಳು ಮೆಟ್ಟಿಲ ಮೇಲೆ ಕೂತಳು. ಇದು ತಕ್ಕುದೇ? ಎರಡು ಜನರ ಬೆಲೆ ಕೊಟ್ಟು ಒಬ್ಬಳಾಗಿರುವುದು? ಇಷ್ಟಕ್ಕೆ ಎಷ್ಟು ಸೀರೆ ಬರುತ್ತವೆ ಎಂದು ಮನಸ್ಸು ಚಟಕ್ಕೆ ಬಿದ್ದು ಮಡಿಕೆ ಹಾಕತೊಡಗಿತು, ಅರ್ಧಕ್ಕೆ ಬಿಟ್ಟಿತು. ಹಡಗಿನ ಊಟದ ಮನೆಯಲ್ಲಿ ದುಂಡು ಮೇಜುಗಳಿರುತ್ತವೆ. ಎಲ್ಲ ಮೇಜಿನ ಸುತ್ತ ಕುಟುಂಬಗಳು. ಬಡಿಸುವವನು ಬಂದು, ಉಳಿದವರು ಬರಬೇಕೇ ಎಂದು ಕೇಳುತ್ತಾನೆ. ಇಲ್ಲ ಎನ್ನಬೇಕು. ಮೊದಲ ದಿನ ಮುಖ ಬಿಸಿಯಾಗುತ್ತದೆ. ಎರಡನೆಯ ದಿನ ಕೇಳುವುದಿಲ್ಲ. ಬಾಲ್ಕನಿಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಒದ್ದೆ ಟವೆಲು ಹಾಕಬಹುದು. ಹೋಗದಿದ್ದರೆ? ಹೋಗದಿದ್ದರೆ ರೊಕ್ಕ ಅಂಗಡಿಯಲ್ಲಿ, ಅವಳ ಹೆಸರಿನಲ್ಲಿ, ಅವಳು ಹಿಂದಿನ ಕೋಣೆಯಲ್ಲಿ. ಅಲ್ಲಿಯೂ ಒಂಟಿಯೇ, ಆದರೆ ಅಲ್ಲಿ ಅದಕ್ಕೆ ಯಾರೂ ಬೆಲೆ ಹಾಕಿಲ್ಲ, ಪುಕ್ಕಟೆ. ಈ ಲೆಕ್ಕ ಎಲ್ಲಿಗೂ ಹೋಗಿ ಮುಟ್ಟಲಿಲ್ಲ. ಅವಳು ಎದ್ದದ್ದು ಲೆಕ್ಕ ಮುಗಿದದ್ದಕ್ಕಲ್ಲ, ಅಂಗಡಿಯವನು ಬೀಗ ತೆಗೆಯಲು ಬಂದದ್ದಕ್ಕೆ.

ಸುಶಮೀಂದ್ರ ಹೆಸರು ಟೈಪು ಮಾಡಿದ. ವಿಳಾಸ ಎಂದ. ಅವಳು ಕಾರ್ಡಿಗೆಂದು ಚೀಲಕ್ಕೆ ಕೈ ಹಾಕಿದಳು, ಹಿಂದಕ್ಕೆ ತೆಗೆದಳು. ಕಾರ್ಡಿನಾಗಿಂದು ರಾಯಚೂರ ಐತಿ, ಅದು ಹಳೇದು, ನಾರಾಯಣಪೇಟೆ ಅಂತ ಬರೀರಿ ಎಂದಳು. ಕಾರ್ಡು ತಿದ್ದಿಸಿಕೊಂಡೇ ಬರ್ರಿ ಹಂಗಾರ, ಇನ್ನೂ ಟೈಮ್ ಐತಿ, ಹಡಗು ಏರುವಾಗ ನೋಡ್ತಾರ ಎಂದ. ಹೂಂ ಎಂದಳು. ಕೇರಾಫ್ ಅಂತ ಕೇಳ್ತಾರೇನ್ರಿ ಎಂದು ಅವಳೇ ಕೇಳಿದಳು. ಸುಶಮೀಂದ್ರ ಕನ್ನಡಕದ ಮೇಲಿಂದ ನೋಡಿದ. "ಯಾರದೂ ಬ್ಯಾಡಂದ್ರ ಬಿಡಬಹುದ್ರಿ. ಮನಿ ನಂಬರ ಹಾಕಿದ್ರ ಸಾಕು." ಇಷ್ಟು ವರ್ಷ ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಯಾರನ್ನೂ ಕೇಳಿರಲಿಲ್ಲ. ಕಟ್ಟಕಡೆಗೆ ಅವನು, ತಪ್ಪಾಗಬಾರದೆಂದು, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿದ.

"ಮೊದಲನೇ ಪ್ರಯಾಣಿಕರು, ಶಿವಗಂಗಾ."

ಅವನು ಕಾಗುಣಿತ ಸರಿಯಿದೆಯೇ ಎಂದು ಕಾಯುತ್ತಿದ್ದ. ಹಾಜರಿ ಕೂಗಿದಾಗಿನಂತೆ ಅವಳು ನೆಟ್ಟಗೆ ಕೂತಳು. "ಅದೀನ್ರಿ," ಎಂದಳು.

"ಎರಡನೇದವರು? ಖಾಲಿ ಬಿಡಲೇನ್ರಿ?"

"ಬಿಡ್ರಿ," ಎಂದು ಚೆಕ್ಕಿಗೆ ಸಹಿ ಹಾಕಿದಳು.

ಮರಳಿ ಬರುವಾಗ ಬಸ್ಸು ಅಣೆಕಟ್ಟಿನ ನಡುಮಧ್ಯೆ ನಿಂತುಬಿಟ್ಟಿತು. ಮುಂದೆ ಕುರಿ ಹಿಂಡು. ಆ ತುದಿಯಿಂದ ಈ ತುದಿಯವರೆಗೆ ಉಣ್ಣೆಯೇ ಹರಿದಂತೆ. ಡ್ರೈವರು ಇಂಜಿನು ಆರಿಸಿ ಬೀಡಿ ಹಚ್ಚಿದ. ಕಂಡಕ್ಟರು ಟಿಕೆಟ್ಟಿಗೆ ಬಂದಾಗ ಅವಳು ನೋಟು ಕೊಟ್ಟಳು. ಕಾರ್ಡು ಮರೆತಿರೇನಮ್ಮಾ ಎಂಬ ಅದೇ ಮಾತು. ಇಲ್ಲ, ಮರೆತಿಲ್ಲ, ಇನ್ನೂ ಮಾಡಿಸಬೇಕು ಎಂದು ತೆಲುಗಿನಲ್ಲೇ ಹೇಳಿದಳು. ಪಕ್ಕದ ಸೀಟು ಖಾಲಿಯಿತ್ತು. ಹಗುರಾದ ಚೀಲವನ್ನು ತೊಡೆಯಿಂದೆತ್ತಿ ಅದರ ಮೇಲಿಟ್ಟಳು. ಕೆಳಗೆ ನೀರು ಬಿಸಿಲಿಗೆ ತವರದ ತಗಡಿನಂತೆ ಬಿದ್ದಿತ್ತು, ಆಚೆ ದಂಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಮನೆಗೆ ಹೋಗಿ ಹೇಳಬೇಕು. ಬಸವೇಶ್ವರಿ ಸೌಟಿನ ಕೂಡ ಮಾತಾಡುತ್ತಾಳೆ. ಮಕ್ಕಳು ಅಳುತ್ತಾರೆ. ತಮ್ಮ ಎರಡು ದಿನ ಮುಖ ತಪ್ಪಿಸಿ ಮೂರನೆಯ ದಿನ, ಹಡಗಿನಾಗ ಛಲೋ ಉಣ್ಣು ಅಕ್ಕಾ ಎನ್ನುತ್ತಾನೆ. ಕುರಿಗಳು ಇನ್ನೂ ದಾಟುತ್ತಿದ್ದವು. ಅವಳಿಗೆ ಹೊತ್ತು ಹೋಗದೆ, ಕರೆಯಬೇಕಾದವರನ್ನು ಒಬ್ಬೊಬ್ಬರಾಗಿ ತುಟಿಯೊಳಗೆ ಕರೆದಳು. ಅಜ್ಜಿ. ಅವ್ವ. ಗುರು. ಬಸವೇಶ್ವರಿ. ಮಕ್ಕಳಿಬ್ಬರು. ಯಾರೂ ಬಂದೆ ಎನ್ನಲಿಲ್ಲ. ಸ್ವಲ್ಪ ತಡೆದು, ನಾಚಿಕೊಂಡು, ಕಿಟಕಿಯ ಕಡೆ ತಿರುಗಿ, ತನ್ನ ಹೆಸರನ್ನೂ ಕರೆದಳು.

ಬಸ್ಸು ಕದಲಿತು. ಕುರಿ ಹಿಂಡು ದಾಟಿತ್ತು, ಅಷ್ಟೇ.